ಎತ್ತಿಕೊಂಡ ಮೇಲಿನ ಹೊಣೆ

ಮನುಷ್ಯರಿಗೇ ಔಷಧಕ್ಕೆ ಗತಿಯಿಲ್ಲದಿರುವಾಗ ನಾಯಿಯ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಧರ್ಮವೇ, ಅಥವಾ ಧರ್ಮದ ಹೆಸರಿನ ದುಂದುಗಾರಿಕೆಯೇ? ಈ ಪ್ರಶ್ನೆಯನ್ನು ನಾವು ಗ್ರಂಥದಿಂದ ಹೆಕ್ಕಿದ್ದಲ್ಲ. ಕೆಲವು ತಿಂಗಳುಗಳಿಂದ ಅದು ನಮ್ಮ ಶಾಲೆಯ ಜಗಲಿಯ ಮೇಲೆಯೇ ಮಲಗಿದೆ. ಹೀಗೆ ಕೇಳುವವರಲ್ಲಿ ಎರಡು ಬಗೆಯವರುಂಟು. ನಾಯಿಗೂ ಕೊಡದೆ, ಮನುಷ್ಯನಿಗೂ ಕೊಡದೆ, ಕೊಡುವವನ ಕೈ ಹಿಡಿಯುವುದಕ್ಕಾಗಿಯೇ ಕೇಳುವವರು ಒಂದು ಬಗೆ. ಅವರಿಗೆ ಉತ್ತರ ಹೇಳುವ ಅಗತ್ಯವನ್ನು ನಾವು ಕಾಣೆವು. ಆದರೆ ನಮ್ಮ ಮೂರನೆಯ ತರಗತಿಯ ಹುಡುಗಿಯೊಬ್ಬಳ ತಾಯಿ, ಹೂವಿನ ತೋಟದಲ್ಲಿ ದಿನಗೂಲಿಗೆ ದುಡಿಯುವವರು, ಒಂದು ಸಂಜೆ ಮಗಳನ್ನು ಕರೆದೊಯ್ಯಲು ಬಂದಾಗ, ‘ನನ್ನ ಮಂಡಿಗೆ ಎರಡು ವರ್ಷದಿಂದ ಎಣ್ಣೆ ತಿಕ್ಕೊಳ್ತಾ ಇದೀನಿ ಸಾರ್, ಇದಕ್ಕೆ ಆಪರೇಷನ್ ಅಂತೆ, ಹೌದಾ?’ ಎಂದು ಕೇಳಿದರು. ಆ ಮಾತಿನಲ್ಲಿ ಹಾಸ್ಯವಿರಲಿಲ್ಲ, ಕೋಪವೂ ಇರಲಿಲ್ಲ. ಅವರಿಗೆ ಉತ್ತರ ಸಲ್ಲಲೇಬೇಕು.

ಮೊದಲು ಸಂಗತಿಯನ್ನು ತಿಳಿಸಿಬಿಡುವುದು ಲೇಸು. ಹೊಸೂರಿನಿಂದ ಬೆಂಗಳೂರಿನ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಮಳೆಗಾಲದ ಒಂದು ಮುಂಜಾನೆ, ನಮ್ಮ ಸಹೋದ್ಯೋಗಿಗಳಿಬ್ಬರ ಕಣ್ಣಿಗೆ ಬಿದ್ದ ನಾಯಿ ಅದು. ಜರ್ಮನ್ ಶೆಪರ್ಡ್ ಜಾತಿಯದು. ವಯಸ್ಸು ಎರಡನ್ನು ದಾಟಿರಲಾರದು. ಕೊರಳಿನಲ್ಲಿ ಪಟ್ಟಿ ಉಜ್ಜಿದ ಗುರುತಿತ್ತು, ಪಟ್ಟಿ ಇರಲಿಲ್ಲ. ಯಾವುದೋ ವಾಹನ ತಾಗಿರಬೇಕೆಂದು ಅವರು ಭಾವಿಸಿದರು. ಆದರೆ ಮೈಮೇಲೆ ಗಾಯವಾವುದೂ ಕಾಣಲಿಲ್ಲ. ಮುಂಗಾಲುಗಳನ್ನೂರಿ ಎದ್ದು, ಹಿಂಗಾಲುಗಳೆರಡನ್ನೂ ಮೊಲದಂತೆ ಒಟ್ಟಿಗೆ ಎತ್ತಿಹಾಕುತ್ತ ನಾಲ್ಕು ಹೆಜ್ಜೆ ಬಂದು, ಮತ್ತೆ ಕುಸಿದು ಕುಳಿತಿತು. ಸಾಮಾನು ಸಾಗಿಸುವ ಆಟೋದಲ್ಲಿ ಹಾಕಿಕೊಂಡು ಅದನ್ನು ಶಾಲೆಗೆ ತಂದರು. ಮಕ್ಕಳು ಅದಕ್ಕೆ ಭೀಮನೆಂದು ಹೆಸರಿಟ್ಟರು. ಎಲುಬು ಎಣಿಸಬಹುದಾಗಿದ್ದ ಪ್ರಾಣಿಗೆ ಆ ಹೆಸರು ಹೇಗೆ ಹೊಳೆಯಿತೋ ಅವರೇ ಬಲ್ಲರು.

ಪಶುವೈದ್ಯರು ಎಕ್ಸ್‌ರೇ ತೆಗೆಸಿ ವಿಷಯವನ್ನು ತಿಳಿಯಹೇಳಿದರು. ತೊಡೆಯ ಮೂಳೆಯ ತಲೆ ಚೆಂಡಿನ ಆಕಾರದ್ದು. ಅದು ಕೂರಲು ಸೊಂಟದ ಮೂಳೆಯಲ್ಲಿ ಬಟ್ಟಲಿನಂತಹ ಗುಳಿಯಿದೆ. ತಾಯಿತಂದೆಗಳಿಂದ ಇಳಿದು ಬರುವ ಒಂದು ದೋಷವಿದ್ದಲ್ಲಿ, ಮರಿ ಬೆಳೆಯುತ್ತ ಬಂದಂತೆ ಈ ಕೀಲು ಸಡಿಲವಾಗುತ್ತದೆ, ಬಟ್ಟಲು ಆಳವಾಗದೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಚೆಂಡು ಅದರ ಅಂಚಿಗೆ ಉಜ್ಜಿ ಉಜ್ಜಿ, ಮೂಳೆಯ ಮೇಲಿನ ನುಣುಪಾದ ಹೊದಿಕೆ ಸವೆದು, ಕಡೆಗೆ ಮೂಳೆಗೆ ಮೂಳೆಯೇ ತಾಗುತ್ತದೆ. ಹಿಪ್ ಡಿಸ್‌ಪ್ಲೇಸಿಯ ಎಂಬುದು ಇದರ ವೈದ್ಯಕೀಯ ನಾಮ. ದೊಡ್ಡ ಮೈಯ ಜಾತಿನಾಯಿಗಳಲ್ಲಿ ಇದು ಹೆಚ್ಚು. ಬೇಗ ದೊಡ್ಡದಾಗಲೆಂದು ಮರಿಗೆ ಮಿತಿಮೀರಿ ತಿನ್ನಿಸಿದರೆ ಮತ್ತಷ್ಟು ಉಲ್ಬಣಿಸುತ್ತದೆ. ಅಮೆರಿಕದಲ್ಲಿ ಇದನ್ನು ನಾಯಿಗಳಲ್ಲಿ ಗುರುತಿಸಿ ಬರೆದದ್ದು 1935ರಲ್ಲಿ. ಮರಿ ಹಾಕಿಸುವ ಮುನ್ನ ನಾಯಿಗಳ ಸೊಂಟದ ಎಕ್ಸ್‌ರೇ ಪರೀಕ್ಷಿಸಿ ದರ್ಜೆ ಕೊಡುವುದಕ್ಕಾಗಿ ಅಲ್ಲಿ 1966ರಲ್ಲಿ ಒಂದು ಸಂಸ್ಥೆಯೇ ಸ್ಥಾಪನೆಯಾಯಿತು. ಎಂದ ಮೇಲೆ, ಮರಿ ಮಾರುವವರು ಇದನ್ನು ತಿಳಿಯದೆ ಮಾಡಿದರು ಎನ್ನಲು ಬಹಳ ಎಡೆಯಿಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಬೀದಿಯ ನಾಯಿಗೆ ಕಲ್ಲು ಜಾರಿಬಿದ್ದು ಕಾಲು ಮುರಿದರೆ ಅದನ್ನು ದುರ್ದೈವವೆನ್ನಬಹುದು. ಭೀಮನ ನೋವು ದೈವದಿಂದ ಬಂದದ್ದಲ್ಲ. ಮನುಷ್ಯನು ತನ್ನ ಕಣ್ಣಿಗೆ ಚೆಂದ ಕಂಡ ಮೈಕಟ್ಟಿಗಾಗಿ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದರ ಫಲ ಅದು. ಬೆಲೆ ಕೊಟ್ಟು ಕೊಂಡವರೊಬ್ಬರು, ಓಡಲಾರದೆಂದು ತಿಳಿದ ದಿನ ಹೆದ್ದಾರಿಯಲ್ಲಿ ಇಳಿಸಿಹೋಗಿರಬೇಕು. ಹಸಿವು ಬಾಯಾರಿಕೆಗಳಿಂದ ನೋಯುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಬಾರಿಯ ತಪ್ಪಿಗೆ ಆ ಕಾಯಿದೆ ಗೊತ್ತುಪಡಿಸಿದ ದಂಡ 10 ರೂಪಾಯಿಯಿಂದ 50 ರೂಪಾಯಿ. ಕೊರಳಪಟ್ಟಿಯ ಬೆಲೆ ಅದಕ್ಕಿಂತ ಹೆಚ್ಚು. ಅದಕ್ಕೇ ಬಿಚ್ಚಿಕೊಂಡು ಹೋದರೋ ಏನೋ!

ಇರಲಿ. ನಾಯಿಗೆ ಗೌರವ ಸಲ್ಲುವುದು ಕನ್ನಡಕ್ಕೆ ಹೊಸ ಮಾತಲ್ಲ. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವನ್ನು ನಮ್ಮ ಓದುಗರಲ್ಲಿ ಹಲವರು ಬಲ್ಲರು. ಹತ್ತನೆಯ ಶತಮಾನದ ನಡುವೆ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮಹಾವರಾಹವೊಂದರೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟು ಭೂಮಿಯನ್ನೂ ಬಿಟ್ಟರು. ಓದಿದಾಗ ಮನಸ್ಸು ತುಂಬಿಬರುತ್ತದೆ. ಆದರೂ ವಿಚಾರಿಸಿ ನೋಡಿದರೆ, ಕಾಳಿ ತನ್ನ ಕಲ್ಲನ್ನು ತಾನೇ ಸಂಪಾದಿಸಿಕೊಂಡಿತು. ಭೀಮನಾದರೋ ಹಂದಿಯನ್ನು ಕೊಂದದ್ದಿಲ್ಲ, ಕಳ್ಳನನ್ನು ಹಿಡಿದದ್ದಿಲ್ಲ. ಅಪರಿಚಿತರು ಬಂದರೆ ಬೊಗಳುವುದಕ್ಕೂ ಅದಕ್ಕೆ ಸೋಮಾರಿತನ. ಉಪಕಾರಕ್ಕೆ ಪ್ರತ್ಯುಪಕಾರವೆಂಬ ನ್ಯಾಯ ಇಲ್ಲಿ ನಡೆಯುವಂತಿಲ್ಲ.

ಹಾಗಾದರೆ ಮಹಾಭಾರತದ ಕೊನೆಯ ಭಾಗದ ಆ ನಾಯಿಯನ್ನು ನೆನೆಯೋಣ. ಸ್ವರ್ಗದ ಬಾಗಿಲಲ್ಲಿ ಇಂದ್ರನು ನಾಯಿಯನ್ನು ಬಿಟ್ಟು ಬಾ ಎಂದಾಗ ಧರ್ಮರಾಯನು ಒಪ್ಪಲಿಲ್ಲವೆಂಬುದು ಎಲ್ಲರಿಗೂ ಗೊತ್ತು. ಆಗ ಇಂದ್ರನು ಎತ್ತಿದ ಆಕ್ಷೇಪವನ್ನು ಮಾತ್ರ ನಾವು ಸಾಮಾನ್ಯವಾಗಿ ಪಾಠದಲ್ಲಿ ಹೇಳುವುದಿಲ್ಲ. ತಮ್ಮಂದಿರನ್ನೂ ದ್ರೌಪದಿಯನ್ನೂ ದಾರಿಯಲ್ಲಿ ಬಿಟ್ಟುಬಂದವನಿಗೆ ಒಂದು ನಾಯಿಯನ್ನು ಬಿಡಲಾಗದೇ ಎಂದು ಅವನು ಕೇಳುತ್ತಾನೆ. ಹೂವಿನ ತೋಟದ ಆ ತಾಯಿಯ ಪ್ರಶ್ನೆಗೆ ಇದು ದೂರದ ನೆಂಟ. ಧರ್ಮರಾಯನ ಉತ್ತರವೂ ನೇರವಾದದ್ದು: ಅವರು ಸತ್ತಿದ್ದರು, ಸತ್ತವರನ್ನು ಬದುಕಿಸುವುದು ತನ್ನಿಂದಾಗದು, ಬದುಕಿರುವವರೆಗೆ ತಾನು ಅವರನ್ನು ಬಿಟ್ಟವನಲ್ಲ. ನಾಯಿ ತಮ್ಮಂದಿರಿಗಿಂತ ಹೆಚ್ಚೆಂದು ಅವನು ವಾದಿಸಲಿಲ್ಲ. ನಂಬಿ ಜೊತೆಗೆ ಬಂದದ್ದು, ಇನ್ನೂ ಜೀವಂತವಾಗಿರುವುದು, ತನ್ನ ಕೈಯಲ್ಲಿರುವುದು, ಇಷ್ಟನ್ನೇ ಲೆಕ್ಕಕ್ಕೆ ಹಿಡಿದನು. ಕಡೆಗೆ ಆ ನಾಯಿ ಯಮಧರ್ಮನೇ ಆಗಿತ್ತೆಂಬ ಭಾಗ ನಮ್ಮ ಉಪಯೋಗಕ್ಕೆ ಬಾರದು. ನಮ್ಮ ಭೀಮ ಯಾವ ವೇಷವನ್ನೂ ಕಳಚಲಾರದು.

ಆದ್ದರಿಂದ ಪ್ರಶ್ನೆಯನ್ನು ಎತ್ತಿಕೊಳ್ಳುವ ಮುನ್ನ, ಎತ್ತಿಕೊಂಡ ಮೇಲೆ ಎಂದು ಎರಡಾಗಿ ಸೀಳಬೇಕೆಂಬುದು ನಮ್ಮ ಅಭಿಪ್ರಾಯ. ಹೆದ್ದಾರಿಯಲ್ಲಿ ಬಿದ್ದಿದ್ದಾಗ ಭೀಮನಿಗೆ ಎಲ್ಲ ದಾರಿಹೋಕರ ಮೇಲೂ ಇದ್ದದ್ದು ಕರುಣೆಯ ಹಕ್ಕು. ಅದು ಎಲ್ಲರ ಮೇಲೂ ಇರುವುದರಿಂದಲೇ ಯಾರ ಮೇಲೂ ಬಿಗಿಯಾಗಿ ಬೀಳದು. ಆಟೋದಲ್ಲಿ ಏರಿಸಿಕೊಂಡ ಗಳಿಗೆಯಿಂದ ಅದು ಋಣವಾಯಿತು. ಬೇರೆ ಯಾರೋ ಎತ್ತಿಕೊಳ್ಳಬಹುದಾಗಿದ್ದ ಅವಕಾಶವನ್ನು ನಾವು ಮುಚ್ಚಿದೆವು. ತಾನೇ ಆಹಾರ ಹುಡುಕುವ ಅಭ್ಯಾಸವನ್ನು ತಪ್ಪಿಸಿದೆವು. ಮಧ್ಯಾಹ್ನದ ಊಟದ ಗಂಟೆಗೆ ಕಿವಿ ನಿಮಿರಿಸುವುದನ್ನು ಅದು ಕಲಿತದ್ದು ನಮ್ಮಿಂದ. ಇಷ್ಟಾದ ಮೇಲೆ, ಅದರ ನೋವಿಗೆ ಪರಿಹಾರವಿದೆಯೆಂದು ತಿಳಿದೂ, ಬಿಸ್ಕತ್ತು ಹಾಕಿ ತಲೆ ಸವರಿ ಮನೆಗೆ ಹೋಗುವುದು ಕರುಣೆಯ ಆಟವೇ ಹೊರತು ಕರುಣೆಯಲ್ಲ.

ನಮ್ಮ ಲೆಕ್ಕದ ಮೇಷ್ಟ್ರು ಇದನ್ನು ಒಪ್ಪಲಿಲ್ಲ. ಶಸ್ತ್ರಚಿಕಿತ್ಸೆಗೆ ಬೇಕಾಗಿದ್ದುದು ನಮ್ಮಲ್ಲೊಬ್ಬರ ಒಂದು ತಿಂಗಳ ಸಂಬಳಕ್ಕೆ ಸಮೀಪವಾದ ಮೊತ್ತ. ಅಷ್ಟರಲ್ಲಿ ಊರಿನ ಎಷ್ಟೋ ನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬಹುದು, ನಾಯಿಗಳೂ ಉಳಿಯುತ್ತವೆ, ಮಕ್ಕಳೂ ಉಳಿಯುತ್ತಾರೆ ಎಂಬುದು ಅವರ ವಾದ. ಈ ವಾದ ಬಲವಾದದ್ದು. ಹಣ ಪಂಚಾಯಿತಿಯದಾಗಿದ್ದರೆ ನಾವು ಅವರ ಪಕ್ಷವೇ; ಸಾರ್ವಜನಿಕ ನಿಧಿಯನ್ನು ಹಿಡಿದವನು ತಲೆ ಎಣಿಸಲೇಬೇಕು. ಆದರೆ ಪ್ರವಾಸಕ್ಕೆ ಕರೆದೊಯ್ದ ಮಗುವೊಂದು ದಾರಿಯಲ್ಲಿ ಜ್ವರ ಬಂದು ಮಲಗಿದರೆ, ಈ ಔಷಧದ ದುಡ್ಡಿನಲ್ಲಿ ಎಷ್ಟು ಮಕ್ಕಳಿಗೆ ಸ್ಲೇಟು ಬರುತ್ತಿತ್ತೆಂದು ಯಾವ ಉಪಾಧ್ಯಾಯನೂ ಗುಣಿಸಲಾರ. ಮಗುವೂ ನಾಯಿಯೂ ಒಂದೇ ಎಂದು ನಾವು ಹೇಳುತ್ತಿಲ್ಲ; ಕೈಯಲ್ಲಿ ಹಿಡಿದದ್ದಕ್ಕೂ ದೂರದ ಲೆಕ್ಕಕ್ಕೂ ಇರುವ ಅಂತರವನ್ನಷ್ಟೇ ತೋರಿಸುತ್ತಿದ್ದೇವೆ. ಮೇಷ್ಟ್ರು ಕೊನೆಯವರೆಗೂ ಒಪ್ಪಲಿಲ್ಲ. ಒಪ್ಪದೆಯೇ ಐನೂರು ರೂಪಾಯಿ ಕೊಟ್ಟರು.

ಇನ್ನು ಆ ತಾಯಿಗೆ ನಮ್ಮ ಉತ್ತರ. ಅವರ ಮಂಡಿಯೂ ನಾಯಿಯ ಸೊಂಟವೂ ಒಂದೇ ಹಣಕ್ಕಾಗಿ ಒಟ್ಟಿಗೆ ನಮ್ಮೆದುರು ನಿಂತಿದ್ದರೆ, ಮಂಡಿಗೇ ಮೊದಲ ಸ್ಥಾನ. ಇದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಈ ಹಣ ನಾಯಿಗೆ ಹೋಗದಿದ್ದರೆ ಹೋಗುತ್ತಿದ್ದುದು ಹಬ್ಬದ ಬಟ್ಟೆಗೆ, ಹೊಸ ಮೊಬೈಲಿಗೆ. ಅವರ ಪ್ರಶ್ನೆಯ ಮೊನೆ ತಾಗಬೇಕಾದದ್ದು ಅಲ್ಲಿಗೆ. ಬಡವರ ನೋವಿಗೆ ಎದುರಾಳಿಯಾಗಿ ನಾಯಿಯನ್ನು ನಿಲ್ಲಿಸಿದರೆ ಆ ಖರ್ಚುಗಳೆಲ್ಲ ಸುಲಭವಾಗಿ ಪಾರಾಗುತ್ತವೆ. ಹೀಗೆ ಹೇಳಿ ಸುಮ್ಮನಾಗುವುದೂ ಸರಿಯಲ್ಲವೆಂದು ಕಂಡು, ನಮ್ಮ ಶಿಕ್ಷಕಿಯೊಬ್ಬರು ಅವರನ್ನು ಸರಕಾರಿ ಆಸ್ಪತ್ರೆಯ ಮೂಳೆವೈದ್ಯರ ಬಳಿಗೆ ಕರೆದೊಯ್ದರು. ಅದಕ್ಕೆ ಬೇಕಾದದ್ದು ಹಣವಲ್ಲ, ಅರ್ಧ ದಿನದ ರಜೆ ಮತ್ತು ಚೀಟಿ ಬರೆಸುವ ಸಾಲಿನಲ್ಲಿ ನಿಲ್ಲುವ ಜೊತೆ.

ಮಕ್ಕಳು ತಾವೂ ಕಾಸು ತರುತ್ತೇವೆಂದರು. ಬೇಡವೆಂದೆವು. ಋಣವು ಎತ್ತಿಕೊಂಡವರದು. ಕೊಟ್ಟ ಮಗುವಿನ ಹೆಸರನ್ನು ಕರಿಹಲಗೆಯಲ್ಲಿ ಬರೆದರೆ, ಕೊಡಲಾರದ ಮಗುವಿನ ಹೆಸರನ್ನೂ ಬರೆದಂತೆಯೇ. ಗೋಣಿಚೀಲ ಹಾಸುವುದು, ನೀರಿಡುವುದು ಅವರ ಪಾಲಿಗೆ ಬಂದವು. ಅದರಲ್ಲಿ ಬಡವ ಬಲ್ಲಿದನೆಂಬ ಭೇದ ಬರಲಿಲ್ಲ.

ಇದಕ್ಕಿಂತಲೂ ಕಠಿನವಾದ ಪ್ರಶ್ನೆ ಇನ್ನೊಂದಿದೆ: ನಾವು ಕಳೆಯಹೊರಟಿರುವುದು ಯಾರ ನೋವನ್ನು? ಕುಂಟುವ ಪ್ರಾಣಿಯನ್ನು ದಿನವೂ ನೋಡುವುದು ನೋಡುವವನಿಗೆ ಕಷ್ಟ. ಆ ಕಷ್ಟ ತೀರಲೆಂದು, ಒಪ್ಪಿಗೆ ಹೇಳಲಾರದ ಪ್ರಾಣಿಯ ಮೇಲೆ ಕತ್ತಿ ಇಡಿಸುವುದೂ ಸಾಧ್ಯ. ಆದ್ದರಿಂದ ಶಸ್ತ್ರಚಿಕಿತ್ಸೆ ಇಲ್ಲದೆ ಆಗದೇ ಎಂದು ಮೊದಲು ಕೇಳಿದೆವು. ಎಷ್ಟೋ ನಾಯಿಗಳಿಗೆ ಮೈತೂಕದ ಹತೋಟಿ, ಹಿತಮಿತವಾದ ನಡಿಗೆ, ವೈದ್ಯರು ಕೊಡುವ ನೋವಿನ ಮದ್ದು ಇಷ್ಟೇ ಸಾಕಾಗುತ್ತದೆ. ಎರಡು ತಿಂಗಳು ಹಾಗೆಯೇ ನಡೆಸಿದೆವು. ಈ ನಡುವೆ ಹಿರಿಯರೊಬ್ಬರು ತಮ್ಮ ಬೆನ್ನುನೋವಿನ ಮಾತ್ರೆಯನ್ನು ಅನ್ನದಲ್ಲಿ ಕಲಸಿಕೊಡಿರೆಂದು ಸಲಹೆಯಿತ್ತರು. ಮನುಷ್ಯರ ಐಬುಪ್ರೊಫೆನ್ ಮುಂತಾದವು ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತವೆಂದು ವೈದ್ಯರು ಕಟ್ಟುನಿಟ್ಟಾಗಿ ತಡೆದರು. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಶವ ತಿಂದ ರಣಹದ್ದುಗಳನ್ನು ಕೊಂದು, 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಭಾರತದಲ್ಲಿ ನಿಷೇಧಿಸಬೇಕಾಯಿತು. ಒಳ್ಳೆಯ ಮನಸ್ಸೊಂದಿದ್ದರೆ ಮದ್ದು ಕೊಡಲು ಬಂದೀತೆಂದು ಭಾವಿಸುವವರು ಇದನ್ನು ನೆನೆಯಬೇಕು.

ನಿದ್ರೆಗೆ ಕಳಿಸುವ ಚುಚ್ಚುಮದ್ದಿನ ಮಾತೂ ಬಂತು. ಅದನ್ನು ಕ್ರೌರ್ಯವೆಂದು ನಾವು ತಳ್ಳಿಹಾಕಲಿಲ್ಲ. ಬದುಕಿಸಿಡುವುದೇ ಕ್ರೌರ್ಯವಾಗುವ ಸಂದರ್ಭಗಳುಂಟೆಂದು ಆ 1960ರ ಕಾಯಿದೆಯೇ ಒಪ್ಪುತ್ತದೆ. ನಾಯಿಗೆ ಹನ್ನೆರಡು ವರ್ಷವಾಗಿದ್ದು, ಮೂತ್ರಪಿಂಡಗಳು ಕೆಟ್ಟು, ಅನ್ನ ಬಿಟ್ಟಿದ್ದರೆ, ಅದೇ ಹೊಣೆ ನಮ್ಮನ್ನು ಆ ದಾರಿಗೆ ಒಯ್ಯುತ್ತಿತ್ತು. ಭೀಮನಿಗೆ ಪ್ರಾಯವಿತ್ತು, ಹಸಿವಿತ್ತು, ಮುಂಗಾಲುಗಳು ಗಟ್ಟಿಯಾಗಿದ್ದವು. ರಾತ್ರಿಯ ನರಳಾಟ ಮಾತ್ರ ಮದ್ದಿಗೆ ಜಗ್ಗಲಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ನಮ್ಮ ಮುಂದಿದ್ದದ್ದು ಎರಡು ವಿಧ. ಇಡೀ ಕೀಲನ್ನು ತೆಗೆದು ಲೋಹದ ಕೃತಕ ಕೀಲು ಕೂರಿಸುವುದು ಒಂದು. ಅದರ ವೆಚ್ಚ ನಮ್ಮಂಥವರ ಅಳವಿನದಲ್ಲ. ಇನ್ನೊಂದರಲ್ಲಿ ತೊಡೆಮೂಳೆಯ ತಲೆಯನ್ನೇ ಕತ್ತರಿಸಿ ತೆಗೆಯುತ್ತಾರೆ. ಉಜ್ಜುವ ಚೆಂಡೇ ಇಲ್ಲವಾಗಿ, ಸುತ್ತಲಿನ ಸ್ನಾಯುಗಳು ಕಾಲನ್ನು ಹಿಡಿದು, ಕ್ರಮೇಣ ನಾರಿನಂಥ ಅಂಗಾಂಶ ಬೆಳೆದು ಒಂದು ಬಗೆಯ ಹುಸಿಕೀಲು ಏರ್ಪಡುತ್ತದೆ. ಹಗುರ ಮೈಯ ನಾಯಿಗೆ ಇದು ಹೆಚ್ಚು ಒಗ್ಗುತ್ತದೆಂದು ವೈದ್ಯರು ಹೇಳಿದಾಗ, ಭೀಮನ ಬಡಕಲುತನವೂ ಒಂದು ಅನುಕೂಲವಾಯಿತು. ಆದರೆ ಅವರು ಒಂದು ಮಾತನ್ನು ಎರಡು ಸಲ ಒತ್ತಿ ಹೇಳಿದರು: ಕತ್ತಿಯ ಕೆಲಸ ಒಂದೆರಡು ಗಂಟೆಯದು, ಉಳಿದದ್ದು ವಾರಗಟ್ಟಲೆ ನಿಮ್ಮದು. ಮುರಿದ ಮೂಳೆಯಂತೆ ಇದನ್ನು ಅಲುಗಿಸದೆ ಇಡುವಂತಿಲ್ಲ. ನಡೆಸದಿದ್ದರೆ ಕಾಲು ಬಿಗಿದುಹೋಗುತ್ತದೆ. ಹೊಟ್ಟೆಯ ಕೆಳಗೆ ಟವಲು ಹಾಯಿಸಿ, ಭಾರವನ್ನು ಎತ್ತಿಹಿಡಿದು, ದಿನಕ್ಕೆ ಹಲವು ಬಾರಿ ಹೆಜ್ಜೆ ಹಾಕಿಸಬೇಕು. ಕಾಲನ್ನು ಮೆಲ್ಲಗೆ ಮಡಚಿ ಚಾಚಿಸಬೇಕು. ನುಣುಪಾದ ನೆಲದ ಮೇಲೆ ಬಿಡಬಾರದು. ಹಣ ಕೂಡಿಸಿ ಫೋಟೋ ತೆಗೆಸಿಕೊಂಡು ಮುಗಿಸುವ ಉಪಕಾರಕ್ಕೆ ಇಲ್ಲಿ ಜಾಗವಿಲ್ಲ. ಟವಲು ಹಿಡಿಯುವವರು ಯಾರೆಂಬುದು ಗೊತ್ತಾಗದೆ ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡುವುದೇ ಅನ್ಯಾಯ. ನಾವು ಮೊದಲು ಪಾಳಿಯ ಪಟ್ಟಿ ಬರೆದು, ಆಮೇಲೆ ದಿನ ಕೇಳಿದೆವು.

ಬಲಗಾಲಿನದು ಆಗಿದೆ. ಐದನೆಯ ದಿನ ಬೆರಳ ತುದಿಯನ್ನು ನೆಲಕ್ಕೆ ತಾಗಿಸಿತು. ಮೂರನೆಯ ವಾರಕ್ಕೆ ಟವಲಿಲ್ಲದೆ ಬಾವಿಕಟ್ಟೆಯವರೆಗೆ ಹೋಯಿತು. ಎಡಗಾಲಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಬಲಗಾಲು ಭಾರ ಹೊರುವಷ್ಟು ಬಲಿಯಲೆಂದು ವೈದ್ಯರು ಕಾಯುತ್ತಿದ್ದಾರೆ. ಬೇಸಿಗೆಯ ರಜೆಯಲ್ಲಿ ಊರಿನಲ್ಲಿ ಉಳಿಯುವವರು ಯಾರು ಯಾರೆಂದು ನಾವು ಪಟ್ಟಿ ಮಾಡುತ್ತಿದ್ದೇವೆ. ಈವರೆಗೆ ಮೂವರ ಹೆಸರು ಬಂದಿದೆ, ಅದರಲ್ಲಿ ಲೆಕ್ಕದ ಮೇಷ್ಟ್ರದೂ ಒಂದು.