ಇಂದಿನ ಧಮ್ಮ ಚಿಂತನೆ: ಕಟ್ಟಿಕೊಂಡ ಸಿಂಕಿಗೆ ಯಾರ ಕೈ?

ಮೊನ್ನೆ ಭಾನುವಾರ ನಮ್ಮ ಬಳಗದ ಒಬ್ಬ ಉಪಾಸಕರ ಮನೆಯಲ್ಲಿ ವಂದನೆ ಇತ್ತು. ತ್ರಿಸರಣ, ಪಂಚಶೀಲ ಆಯಿತು, ಊಟವೂ ಆಯಿತು. ಇಪ್ಪತ್ತು ಜನರ ತಟ್ಟೆ ತೊಳೆಯುವ ಹೊತ್ತಿಗೆ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತು. ಮುಸುರೆ ನೀರು ಅಂಚಿನ ತನಕ ಬಂದು ನಿಂತಿತು, ಮೇಲೆ ಸಾರಿನ ಜಿಡ್ಡು ತೇಲುತ್ತಿತ್ತು. ಮನೆಯ ಯಜಮಾನರು ಫೋನ್ ತೆಗೆದು, "ನಮ್ಮ ಬೀದಿ ಗುಡಿಸೋ ಹುಡುಗ ಒಬ್ಬ ಇದಾನೆ. ಇನ್ನೂರು ರೂಪಾಯಿ ಕೊಟ್ರೆ ಬಂದು ಕೈ ಹಾಕಿ ತೆಗೀತಾನೆ" ಎಂದರು. ಪಾತ್ರೆ ತೊಳೆಯುತ್ತಿದ್ದ ಹಿರಿಯ ಅಮ್ಮ ಒಬ್ಬರು ತಿರುಗಿ ನೋಡಿ, "ಉಂಡೋರು ನಾವು, ಅವನನ್ನ ಯಾಕಪ್ಪ ಕರೀತೀಯ?" ಅಂದರು.

ಫೋನ್ ಜೇಬಿಗೆ ಹೋಯಿತು. ಆದರೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಯಜಮಾನರು ಮೆಲ್ಲಗೆ ಹೇಳಿದ ಮಾತು ನನ್ನನ್ನು ಈ ಮೂರು ದಿನದಿಂದ ಬಿಟ್ಟಿಲ್ಲ. "ನಮ್ಮಜ್ಜ ಊರಿನ ಸತ್ತ ದನ ಎಳೆದ್ರು ಸರ್. ನಾನು ಓದಿ ಕೆಲಸಕ್ಕೆ ಸೇರಿದ್ದು ಮತ್ತೆ ಕೊಳಚೆಗೆ ಕೈ ಹಾಕೋದಕ್ಕಾ?"

ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. 1927ರ ಮಹಾಡ್ ಸಮಾವೇಶದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸವನ್ನು ಬಿಡಿ ಎಂದು ನಮ್ಮ ಜನಕ್ಕೆ ಕರೆ ಕೊಟ್ಟರು. ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು. ಹುಟ್ಟಿನ ಕಾರಣಕ್ಕೆ ಕೈಗಿಟ್ಟ ಕೆಲಸವನ್ನು ಒಗೆದು ಬಂದದ್ದು ನಮ್ಮ ಸ್ವಾಭಿಮಾನದ ಚರಿತ್ರೆ. ಆ ಯಜಮಾನರ ನೋವು ಅಲ್ಲಿಂದ ಬಂದದ್ದು.

ಹಾಗಿದ್ದರೂ ಆ ಹುಡುಗ ಪ್ಲಂಬರ್ ಏನಲ್ಲ ಬಂಧುಗಳೇ. ಅವನ ಬಳಿ ಸ್ಪ್ಯಾನರ್ ಇಲ್ಲ, ಪೈಪು ಜೋಡಿಸುವ ಕೆಲಸ ಅವನು ಕಲಿತಿಲ್ಲ. ಸಿಂಕು ಕಟ್ಟಿದ ತಕ್ಷಣ ನಮಗೆ ಅವನೇ ಯಾಕೆ ನೆನಪಾದ? ನಮ್ಮಜ್ಜನ ಹೆಗಲಿನಿಂದ ಇಳಿದ ಹೊರೆಯನ್ನು ನಾವು ಅವನ ಹೆಗಲಿಗೆ ಇಡುತ್ತಿಲ್ಲವೇ?

'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಸುನೀತನ ಕಥೆ ಹೇಳಿದ್ದಾರೆ. ಕಸ ಗುಡಿಸಿ ಬದುಕುತ್ತಿದ್ದವನು ಸುನೀತ. ದಾರಿಯಲ್ಲಿ ಭಗವಾನರು ಬರುವುದು ಕಂಡು ಗೋಡೆಗೆ ಆತು ನಿಂತ. ಭಗವಾನರೇ ಅವನ ಬಳಿಗೆ ಹೋಗಿ ಸಂಘಕ್ಕೆ ಕರೆದರು. ಈ ಕಥೆ ನಮಗೆಲ್ಲ ಗೊತ್ತು. ಆದರೆ ಸಂಘಕ್ಕೆ ಸೇರಿದ ಮೇಲೆ ಸುನೀತನ ಕೈಗೆ ಪೊರಕೆ ಬರಲೇ ಇಲ್ಲವೇ ಎಂದು ನಾವು ಕೇಳಿಕೊಳ್ಳುವುದಿಲ್ಲ. ವಿನಯ ಪಿಟಕದ ಚುಲ್ಲವಗ್ಗ ತೆರೆದು ನೋಡಿ. ವಿಹಾರ ಗುಡಿಸುವುದು, ಶೌಚದ ಜಾಗ ಕೊಳೆಯಾಗಿದ್ದರೆ ಶುಚಿ ಮಾಡುವುದು, ನೀರಿನ ಪಾತ್ರೆ ಬರಿದಾಗಿದ್ದರೆ ತುಂಬಿಡುವುದು, ಎಲ್ಲವೂ ಭಿಕ್ಖುಗಳ ಕರ್ತವ್ಯ ಎಂದು ಅಲ್ಲಿದೆ. ಕ್ಷತ್ರಿಯ ಕುಲದಿಂದ ಬಂದವನಿಗೂ ಅದೇ, ಸುನೀತನಿಗೂ ಅದೇ. ಬೀದಿಯಲ್ಲಿ ಅವನೊಬ್ಬನ ಪಾಲಿಗಿದ್ದ ಪೊರಕೆ ವಿಹಾರದಲ್ಲಿ ಎಲ್ಲರ ಕೈಗೂ ಬಂತು.

ಇನ್ನು ಒಂದು ಮಾತು, ಗಂಡಸರಿಗೆ. ನಮ್ಮ ಮನೆಗಳಲ್ಲಿ ಸಿಂಕು ಯಾರ ಪಾಲು? ವೇದಿಕೆಯಲ್ಲಿ ಸಮಾನತೆ ಮಾತಾಡಿ ಬಂದು ತಟ್ಟೆ ಇಟ್ಟು ಎದ್ದು ಹೋಗುವ ಉಪಾಸಕರು ಬಹಳ ಜನ ಇದ್ದೇವೆ. ನಾನೂ ಅದರಲ್ಲೇ ಇದ್ದೆ.

ಈಗ ಕೆಲಸದ ವಿಷಯ. ಅಷ್ಟಾಂಗ ಮಾರ್ಗದ ಸಮ್ಮಾ ವಾಯಾಮದಲ್ಲಿ ಮೊದಲ ಪ್ರಯತ್ನ ಸಂವರ, ಹುಟ್ಟದ ಕೆಡುಕನ್ನು ಹುಟ್ಟದಂತೆ ತಡೆಯುವುದು. ಎರಡನೆಯದು ಪಹಾನ, ಹುಟ್ಟಿದ್ದನ್ನು ತೊರೆಯುವುದು. ಸಿಂಕಿನ ವಿಷಯಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಪೈಪು ಒಂದೇ ದಿನದಲ್ಲಿ ಕಟ್ಟುವುದಿಲ್ಲ. ಬಾಣಲೆಯ ಎಣ್ಣೆ ಬಿಸಿಯಲ್ಲಿ ನೀರಿನಂತೆ ಹರಿದು ಹೋಗುತ್ತದೆ, ಒಳಗೆ ತಣ್ಣಗಾಗಿ ಪೈಪಿನ ಗೋಡೆಗೆ ಅಂಟುತ್ತದೆ. ಆ ಜಿಡ್ಡಿಗೆ ಅನ್ನದ ಅಗುಳು, ಮುದ್ದೆಯ ಚೂರು, ಕಾಫಿ ಚರಟ ಅಂಟಿಕೊಳ್ಳುತ್ತವೆ. ಮನಸ್ಸಿನ ಕಿಲೇಸಗಳೂ ಹೀಗೇ ಪದರ ಪದರವಾಗಿ ಕೂರುತ್ತವೆ, ಕಟ್ಟಿಕೊಂಡ ದಿನವೇ ನಮಗೆ ಗೊತ್ತಾಗುವುದು.

ಆದ್ದರಿಂದ ತಟ್ಟೆಯಲ್ಲಿ ಉಳಿದದ್ದನ್ನು ಮೊದಲು ಹಸಿ ಕಸದ ಬುಟ್ಟಿಗೆ ಬಳಿದು ಹಾಕಿ. ಬಾಣಲೆಯ ಜಿಡ್ಡನ್ನು ಹಳೆ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಸಿಂಕಿನ ಬಾಯಿಗೆ ಒಂದು ಸ್ಟೀಲ್ ಜಾಲರಿ ಇಡಿ, ಅದನ್ನು ದಿನಾ ಕೊಡವಿ. ವಾರಕ್ಕೊಮ್ಮೆ ಬಿಸಿ ನೀರು, ಸ್ವಲ್ಪ ಪಾತ್ರೆ ಸೋಪು ಬಿಡಿ. ಕುದಿಯುವ ನೀರು ಬೇಡ, ಪಿವಿಸಿ ಪೈಪು ಮೆತ್ತಗಾಗುತ್ತದೆ.

ಕಟ್ಟಿಕೊಂಡೇ ಬಿಟ್ಟರೆ, ಮೊದಲು ರಬ್ಬರ್ ಪ್ಲಂಜರ್. ರಬ್ಬರು ಮುಳುಗುವಷ್ಟು ನೀರು ನಿಂತಿರಬೇಕು. ಜೋಡಿ ಸಿಂಕಾದರೆ ಇನ್ನೊಂದರ ಬಾಯಿಗೆ ಒದ್ದೆ ಬಟ್ಟೆ ತುರುಕಿ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಅದಕ್ಕೂ ಬಗ್ಗದಿದ್ದರೆ ಸಿಂಕಿನ ಕೆಳಗೆ ಬಾಟಲಿಯ ಆಕಾರದ ಟ್ರ್ಯಾಪ್ ಇರುತ್ತದೆ. ಒಂದಿಷ್ಟು ನೀರನ್ನು ಹಿಡಿದಿಟ್ಟುಕೊಂಡು ಮೋರಿಯ ವಾಸನೆ, ಜಿರಲೆ ಮೇಲೆ ಬರದಂತೆ ತಡೆಯುವುದು ಅದರ ಕೆಲಸ. ಬಹಳಷ್ಟು ಕಟ್ಟಿಕೊಳ್ಳುವುದು ಅಲ್ಲೇ. ಕೆಳಗೆ ಬಕೆಟ್ ಇಟ್ಟು, ಅದರ ಬುಡದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಕೈಗವಸು ಹಾಕಿಕೊಳ್ಳಿ. ಒಳಗಿನ ರಬ್ಬರ್ ವಾಷರ್ ಕಳೆಯಬೇಡಿ.

ಸೋಡಾ ಮತ್ತು ವಿನೆಗರ್ ಸುರಿಯುವ ವಿಡಿಯೋ ನಮ್ಮ ಗುಂಪಿಗೂ ಬಂದಿತ್ತು. ನೊರೆ ನೋಡಲು ಚೆಂದ, ಆದರೆ ಒಂದನ್ನೊಂದು ಸಪ್ಪೆ ಮಾಡಿಬಿಡುತ್ತವೆ, ಗಟ್ಟಿ ಜಿಡ್ಡು ಅದಕ್ಕೆ ಜಗ್ಗುವುದಿಲ್ಲ. ಅಂಗಡಿಯ ಡ್ರೈನ್ ಪುಡಿಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತದೆ. ಅದು ಚರ್ಮ, ಕಣ್ಣು ಸುಡುತ್ತದೆ. ಟಾಯ್ಲೆಟ್ ಆಸಿಡ್ ಜೊತೆ ಎಂದೂ ಬೆರೆಸಬೇಡಿ. ಆ ಪುಡಿ ಹಾಕಿದ ಮೇಲೆ ಪ್ಲಂಬರ್ ಕರೆದರೆ, ಅವರು ಪೈಪು ಬಿಚ್ಚುವ ಮೊದಲೇ ಹೇಳಿ. ಹೇಳದೆ ಸುಮ್ಮನಿದ್ದು ಅವರ ಕೈ ಸುಟ್ಟರೆ, ಬೆಳಿಗ್ಗೆ ಹೇಳಿಕೊಂಡ ಮೊದಲ ಶೀಲ ಎಲ್ಲಿ ಉಳಿಯಿತು?

ಪ್ಲಂಬರನ್ನು ಕರೆಯುವುದು ತಪ್ಪಲ್ಲ. ಅದು ಕಲಿತ ಕಸುಬು. ಕೇಳಿದ ಕೂಲಿ ಕೊಡಿ, ಕೂರಿಸಿ ಟೀ ಕೊಡಿ. ಆದರೆ ಮನೆ ಹೊರಗಿನ ಮ್ಯಾನ್‌ಹೋಲ್ ಕಟ್ಟಿದ್ದರೆ ಯಾರನ್ನೂ ಒಳಗೆ ಇಳಿಸಬೇಡಿ, ದುಡ್ಡಿಗೆ ಒಪ್ಪಿದರೂ ಬೇಡ. 2013ರ ಕಾನೂನು ಅದನ್ನು ನಿಷೇಧಿಸಿದೆ, ಒಳಗಿನ ವಿಷಗಾಳಿಗೆ ಸಾಯುತ್ತಿರುವವರು ನಮ್ಮವರೇ. ಬೆಂಗಳೂರಿನವರು ಜಲಮಂಡಳಿಯ 1916ಕ್ಕೆ ಫೋನ್ ಮಾಡಿ ಯಂತ್ರ ಕರೆಸಿ.

ಭಾನುವಾರ ಕೊನೆಗೆ ಏನಾಯಿತು ಎಂದರೆ, ಯಜಮಾನರೇ ಪ್ಯಾಂಟು ಮಡಚಿ ಸಿಂಕಿನ ಕೆಳಗೆ ಕೂತರು. ಬಿಎಸ್ಸಿ ಓದುವ ಮಗ ಮೊಬೈಲ್ ಟಾರ್ಚ್ ಹಿಡಿದ, ನಾನು ಬಕೆಟ್ ಹಿಡಿದೆ. ಟ್ರ್ಯಾಪ್ ಬಿಚ್ಚಿದರೆ ಮುಷ್ಟಿಯಷ್ಟು ಬಿಳಿ ಜಿಡ್ಡು, ಅದರ ನಡುವೆ ಒಂದು ಚಮಚ. "ಇದು ಹೋದ ವರ್ಷದ ಜಯಂತಿಗೆ ಕಳೆದದ್ದು ಕಣಪ್ಪ" ಎಂದು ಅಮ್ಮ ನಕ್ಕರು. ಮುಂದಿನ ಭಾನುವಾರದ ವಂದನೆ ನಮ್ಮ ಮನೆಯಲ್ಲಿ. ತಟ್ಟೆ ತೊಳೆಯುವ ಸರದಿ ಗಂಡಸರದ್ದು, ಜಾಲರಿ ತಂದಿಟ್ಟಿದ್ದೇನೆ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.