ಜಾಲಿ ಗಿಡದ ಕೆಳಗೆ ಮಲಗಿದ ಪ್ರವಾದಿ



ಬಲಿಪೂಜೆಯ ನಡುವೆ, ಎಲ್ಲರೂ ಮೊಣಕಾಲೂರಿರುವ ಹೊತ್ತಿನಲ್ಲಿ, ಇದ್ದಕ್ಕಿದ್ದಂತೆ ನಿಮ್ಮ ಎದೆ ಡವಗುಟ್ಟಿ, ಉಸಿರು ಸಿಕ್ಕಿಕೊಂಡು, ಕೈಕಾಲು ನಡುಗಿ, ಈಗಲೇ ಪ್ರಾಣ ಹೋಯಿತು ಎನ್ನಿಸಿದ್ದುಂಟೇ? ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಸಾಮಾನ್ಯವಾಗಿ 10 ನಿಮಿಷದೊಳಗೆ ಅದು ತುದಿಗೇರಿ ಮೆಲ್ಲನೆ ಇಳಿಯುತ್ತದೆ. ಇಳಿದ ನಂತರದ ದಿನಗಳ ಬಗ್ಗೆ ಮಾತ್ರ ಯಾರೂ ಮಾತನಾಡುವುದಿಲ್ಲ. ಮೈ ಹಿಂಡಿ ಹಾಕಿದಂಥ ಆಯಾಸ, ಜನರೆದುರು ಹೀಗಾಯಿತಲ್ಲ ಎಂಬ ನಾಚಿಕೆ, ಮತ್ತೆ ಬಂದರೆ ಎಂಬ ಅಂಜಿಕೆ. ನಮ್ಮ ಕುಟುಂಬಗಳಲ್ಲಿ ಇದರ ಮೇಲೆ ಇನ್ನೊಂದು ಭಾರ: ನನ್ನ ವಿಶ್ವಾಸವೇ ಕಡಿಮೆಯಾಗಿರಬೇಕು!

ಹೀಗೆ ಹೇಳಿಕೊಂಡು ಬಂದ ತಾಯಿಯೊಬ್ಬರಿಗೆ, ಹಲವು ವರ್ಷಗಳ ಹಿಂದೆ, ದಿನಕ್ಕೆ ಇನ್ನೊಂದು ಜಪಸರ ಹೆಚ್ಚಾಗಿ ಹೇಳಿ ಎಂದುಬಿಟ್ಟೆ. ಆಕೆ ತಲೆಯಾಡಿಸಿ ಹೋದರು. ಆ ತಿಂಗಳೆಲ್ಲ ಅವರು ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ನಾನು ಕೇಳಿಯೇ ಇರಲಿಲ್ಲ.

ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ಅಂದು ನಾನು ನೆನೆಯಬೇಕಿತ್ತು. ಕಾರ್ಮೆಲ್ ಬೆಟ್ಟದಲ್ಲಿ ಸುಳ್ಳು ಪ್ರವಾದಿಗಳೆದುರು ಒಬ್ಬನೇ ನಿಂತ ಎಲೀಯನು, ರಾಣಿ ಈಜೆಬೆಲಳ ಬೆದರಿಕೆ ಕೇಳಿದ್ದೇ ತಡ, ಪ್ರಾಣಭಯದಿಂದ ಓಡಿದ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಒಂದು ದಿನದ ದಾರಿ ಮರುಭೂಮಿಯೊಳಗೆ ನಡೆದು, ಜಾಲಿ ಗಿಡದ ಕೆಳಗೆ ಕುಳಿತು ಸಾವನ್ನೇ ಬೇಡಿದ. ವಿಶ್ವಾಸವಿಲ್ಲದವನಲ್ಲ ಆತ, ದಣಿದುಹೋಗಿದ್ದ.

ದೇವರು ಏನು ಮಾಡಿದರು, ಗಮನಿಸಿ. ಗದರಲಿಲ್ಲ. ಮಲಗಲು ಬಿಟ್ಟರು. ದೂತನು ಬಂದು ಮುಟ್ಟಿ ಎಬ್ಬಿಸಿದಾಗ ತಲೆಯ ಬಳಿ ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯನು ತಿಂದು, ಕುಡಿದು, ಮತ್ತೆ ಮಲಗಿದ! ನಮ್ಮ ಮನೆಗಳಲ್ಲಾದರೆ ಇಲ್ಲಿ ಒಂದು ಮಾತು ಬೀಳುತ್ತಿತ್ತು. ದೂತನು ಎರಡನೆಯ ಸಲವೂ ಉಣ್ಣಿಸಿದ. ಇಲ್ಲೇನು ಮಾಡುತ್ತಿದ್ದೀಯೆ ಎಂದು ದೇವರು ಕೇಳಿದ್ದು 40 ದಿನಗಳ ನಂತರ, ಹೋರೇಬ್ ಬೆಟ್ಟದಲ್ಲಿ.

ಆದ್ದರಿಂದ, ಇಂಥ ಆಘಾತ ಕಳೆದ ದಿನ ನೀವು ಬೇಗ ಮಲಗಿದರೆ ಅದು ಸೋಮಾರಿತನವಲ್ಲ. ಲಿಸಿಯೂನ ಸಂತ ತೆರೇಸಾ ಪ್ರಾರ್ಥನೆಯ ಹೊತ್ತಿನಲ್ಲೇ ತೂಕಡಿಸುತ್ತಿದ್ದರಂತೆ. ಮಕ್ಕಳು ನಿದ್ರಿಸುವಾಗಲೂ ತಂದೆತಾಯಿಗೆ ಪ್ರಿಯರೇ ಅಲ್ಲವೇ ಎಂದು ಅವರು ಸಮಾಧಾನ ತಂದುಕೊಂಡರು. 1997ರಲ್ಲಿ ಧರ್ಮಸಭೆ ಅವರನ್ನೇ ತನ್ನ ಪಂಡಿತರ ಸಾಲಿಗೆ ಸೇರಿಸಿತು. ಹೊತ್ತಿಗೆ ಸರಿಯಾಗಿ ಗಂಜಿಯಾದರೂ ಕುಡಿಯಿರಿ. ಕಾಫಿ ಕಡಿಮೆ ಮಾಡಿ, ಅದು ಎದೆಬಡಿತವನ್ನು ಕೆಣಕುತ್ತದೆ. ತಪಸ್ಸು ಕಾಲವಾದರೂ ಕಾಯಿಲೆಯವರಿಗೆ ಉಪವಾಸದ ಕಟ್ಟಳೆ ಇಲ್ಲ. ಸಂಜೆ ಸ್ವಲ್ಪ ನಡೆಯಿರಿ. ಜಪಸರ ಹಿಡಿದರೆ ಒಂದೇ ಮಣಿ ಸಾಕು. ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಡುತ್ತಾ ಯೇಸುಸ್ವಾಮಿಯ ನಾಮ ಹೇಳಿ.

ವೈದ್ಯರನ್ನು ಕಾಣಲು ಹಿಂಜರಿಯಬೇಡಿ. ಎದೆನೋವು ಮೊದಲ ಸಲ ಬಂದಾಗ ಹೃದಯದ ತೊಂದರೆಯಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದಾರೆ ಎಂಬ ಅರ್ಥದ ಬೋಧನೆ ಸಿರಾಖನ ಗ್ರಂಥದ 38ನೆಯ ಅಧ್ಯಾಯದಲ್ಲಿದೆ. ಕೊಟ್ಟ ಮಾತ್ರೆಯನ್ನು, ಪ್ರಾರ್ಥನೆ ಸಾಕೆಂದು, ನೀವಾಗಿಯೇ ನಿಲ್ಲಿಸಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಸಾಯಬೇಕೆಂಬ ಯೋಚನೆ ಎಲೀಯನಿಗೆ ಬಂದಂತೆ ನಿಮಗೂ ಬಂದರೆ, ಅಂದೇ ಯಾರಿಗಾದರೂ ಹೇಳಿ.

ಒಂದು ಎಚ್ಚರಿಕೆ. ವಿಶ್ರಾಂತಿಯೆಂದರೆ ಅಡಗಿಕೊಳ್ಳುವುದಲ್ಲ. ಅಲ್ಲಿ ಹಾಗಾಯಿತೆಂದು ದೇವಾಲಯ, ಬಸ್ಸು, ಸಂತೆ ಎಲ್ಲವನ್ನೂ ಬಿಡುತ್ತಾ ಹೋದರೆ ಭಯ ದೊಡ್ಡದಾಗುತ್ತದೆ. ಎಲೀಯನನ್ನೂ ದೇವರು ಗವಿಯಲ್ಲೇ ಇರಿಸಲಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸಿದರು, ಜೊತೆಗೆ ಎಲೀಷನನ್ನು ಕೊಟ್ಟರು.

ನಾನು ಹೇಳಿದ ಆ ತಾಯಿ ಈಗ ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಮಗಳೊಡನೆ ಕೂರುತ್ತಾರೆ. ಎದೆ ಬಡಿಯತೊಡಗಿದರೆ ಹೊರಗಿನ ನಲ್ಲಿಯಲ್ಲಿ ಮುಖ ತೊಳೆದು, ಒಂದು ಲೋಟ ನೀರು ಕುಡಿದು ಒಳಗೆ ಬರುತ್ತಾರೆ. ಕಳೆದ ಭಾನುವಾರವೂ ಹಾಗೆ ಎದ್ದು ಹೋದರು. ಪರಮಪ್ರಸಾದದ ಹೊತ್ತಿಗೆ ಸಾಲಿನಲ್ಲಿದ್ದರು.