ಬೀಗರ ಹಾಡು

ನಮ್ಮ ಕಡೆ ಮದುವೆಯಲ್ಲಿ ಬೀಗರು ಊಟಕ್ಕೆ ಕೂತರೆಂದರೆ ಹೆಣ್ಣಿನ ಕಡೆಯ ಹೆಂಗಸರು ಹಾಡು ಎತ್ತುತ್ತಾರೆ. ಬೀಗತಿಯ ನಡಿಗೆ, ಬೀಗನ ಹೊಟ್ಟೆ, ಅವರು ತಂದ ಸೀರೆಯ ಬಣ್ಣ, ಅವರ ಊರಿನ ಬತ್ತಿದ ಬಾವಿ, ಯಾವುದನ್ನೂ ಬಿಡುವುದಿಲ್ಲ. ಹತ್ತು ವರ್ಷದ ಹಿಂದೆ ಆ ಮನೆಯ ಅಜ್ಜ ಜಾತ್ರೆಯಲ್ಲಿ ಕಾಲು ಜಾರಿ ಬಿದ್ದದ್ದೂ ಹಾಡಿನಲ್ಲಿ ಬರುತ್ತದೆ. ಬೀಗರು ಸಿಟ್ಟಾಗುವಂತಿಲ್ಲ, ತಿನ್ನುವ ಹೋಳಿಗೆ ನಿಲ್ಲಿಸುವಂತಿಲ್ಲ. ಯಾರೂ ಗೇಲಿ ಮಾಡದೆ ಸುಮ್ಮನೆ ಉಣ್ಣಿಸಿ ಕಳಿಸಿದರೆ ಆ ಬೀಗರಿಗೆ ಒಳಗೊಳಗೇ ಬೇಸರ.

2014ರ ವಿಶ್ವಕಪ್ ಫುಟ್‌ಬಾಲ್ ಬ್ರೆಜಿಲ್‌ನಲ್ಲಿ ನಡೆದಾಗ ಅರ್ಜೆಂಟೀನಾದವರು ಸಾವಿರಾರು ಜನ ಗಡಿ ದಾಟಿ ಬಂದು, ರಿಯೊ ನಗರದ ಸಮುದ್ರ ದಂಡೆಯಲ್ಲಿ ಬಿಡಾರ ಹೂಡಿ, ಒಂದೇ ಹಾಡನ್ನು ತಿಂಗಳಿಡೀ ಹಾಡಿದರು. ಬ್ರೆಜಿಲ್ಲನ್ನೇ ಕರೆದು ಕೆಣಕುವ ಹಾಡು ಅದು. 1990ರಲ್ಲಿ ಮರಡೋನಾ ಕೊಟ್ಟ ಪಾಸಿಗೆ ಕನೀಜಿಯಾ ಗೋಲು ಹೊಡೆದು ಬ್ರೆಜಿಲ್ಲನ್ನು ಮನೆಗೆ ಕಳಿಸಿದ್ದನ್ನು ಇಪ್ಪತ್ನಾಲ್ಕು ವರ್ಷದ ಮೇಲೆ ಎತ್ತಿ ಆಡಿ, ಪೆಲೆಗಿಂತ ಮರಡೋನಾನೇ ದೊಡ್ಡವನೆಂದು ಮುಗಿಸುತ್ತಿದ್ದರು. ಆ ವಿಡಿಯೋ ನೋಡುತ್ತಿದ್ದ ನನಗೆ ಭಾಷೆ ತಿಳಿಯಲಿಲ್ಲ. ಆದರೆ ರಾಗದಲ್ಲಿ, ಭುಜ ಕುಣಿಸುವ ರೀತಿಯಲ್ಲಿ, ಎದುರಿನವರ ಮುಖ ನೋಡಿ ನಗುವ ನಗೆಯಲ್ಲಿ, ಇದು ಬೀಗರ ಹಾಡೇ ಎಂದು ತಕ್ಷಣ ಗೊತ್ತಾಯಿತು.

ಮುಂದೆ ನಡೆದದ್ದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಜುಲೈ 8ರಂದು ಜರ್ಮನಿ ಬ್ರೆಜಿಲ್ಲನ್ನು ಅದರ ಅಂಗಳದಲ್ಲೇ 7–1ರಿಂದ ಸೋಲಿಸಿತು. ವಿಶ್ವಕಪ್ಪಿನಲ್ಲಿ ಅಂಥ ಸೋಲನ್ನು ಆ ದೇಶ ಕಂಡಿರಲಿಲ್ಲ. ಗ್ಯಾಲರಿಯಲ್ಲಿ ಮುದುಕರೂ ಮಕ್ಕಳೂ ಅತ್ತರು. ಐದು ದಿನ ಕಳೆದು ಫೈನಲ್ ಬಂತು, ಜರ್ಮನಿಗೂ ಅರ್ಜೆಂಟೀನಾಕ್ಕೂ. ಆಗ ಬ್ರೆಜಿಲ್‌ನ ಎಷ್ಟೋ ಜನ ಜರ್ಮನಿಯ ಪರ ಕೂಗಿದರು! ಏಳು ಗೋಲು ಹೊಡೆದು ಅಳಿಸಿದವನು ಗೆಲ್ಲಲಿ, ಪಕ್ಕದ ಮನೆಯವನು ಮಾತ್ರ ನಮ್ಮ ಅಂಗಳದಲ್ಲಿ ಕಪ್ ಎತ್ತದಿರಲಿ ಎಂದು. ಇದನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕಲು ನನ್ನಿಂದ ಆಗಿಲ್ಲ. ಪರವೂರವನ ಪೆಟ್ಟು ಗಾಳಿಮಳೆಯ ಹಾಗೆ, ಬಂತು, ಹೋಯಿತು. ನೆರೆಯವನ ನಗು ಹಿತ್ತಲ ಗೋಡೆಯಾಚೆಯಿಂದ ದಿನಾ ಕೇಳಿಸುತ್ತದೆ. ಅವನ ನಗುವಿನ ಅರ್ಥ ನಮಗೆ ತಿಳಿಯುತ್ತದೆ, ನಮ್ಮ ಯಾವ ಗಾಯ ಎಲ್ಲಿದೆ ಎಂಬುದು ಅವನಿಗೂ ಗೊತ್ತು. ಚುಚ್ಚಬೇಕಾದರೂ ಬಳಕೆ ಬೇಕಲ್ಲ!

ನಾನಿರುವ ಯಡೂರು ಕೃಷ್ಣೆಯ ದಂಡೆಯ ಊರು. ಹೊಳೆಗುಂಟ ಮೇಲಕ್ಕೆ ಹೋದರೆ ಸ್ವಲ್ಪ ದೂರದಲ್ಲೇ ಮಹಾರಾಷ್ಟ್ರ. ಅಲ್ಲಿಯ ಕೊಯ್ನಾದಲ್ಲಿ ಮಳೆ ಜೋರಾದರೆ ಇಲ್ಲಿ ಕಲ್ಲೋಳ–ಯಡೂರು ಬ್ಯಾರೇಜು ಮುಳುಗುತ್ತದೆ. ನಮ್ಮ ಮೋಡ ಖಾಲಿ ಇದ್ದರೂ ಹೊಲಕ್ಕೆ ನೀರು ನುಗ್ಗುತ್ತದೆ. ಊರ ದೇವರು ವೀರಭದ್ರ. ಕೊಲ್ಲಾಪುರ, ಸಾಂಗ್ಲಿ ಕಡೆಯ ಎಷ್ಟೋ ಮನೆಗಳಿಗೆ ಅವನೇ ಮನೆದೇವರು. ಗುಡಿಯ ಮುಂದೆ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಪುರವಂತರು ಒಡಪು ಹೇಳುವಾಗ ನಾನು ಯೋಚಿಸುವುದುಂಟು: ಈ ದೇವರು ಹುಟ್ಟಿದ್ದೇ ಮಾವ ದಕ್ಷ, ಅಳಿಯ ಶಿವ ಇವರ ಜಗಳದಿಂದ. ಅಳಿಯನನ್ನು ಯಜ್ಞಕ್ಕೆ ಕರೆಯಲಿಲ್ಲ ಎಂಬ ಒಂದು ಅವಮಾನದಿಂದ ಅಷ್ಟೆಲ್ಲ ಬೆಂಕಿ. ಕೊನೆಗೆ ದಕ್ಷನಿಗೆ ಟಗರಿನ ತಲೆ ಕೂಡಿಸಿ ಬದುಕಿಸಿದ್ದೂ ಅದೇ ಕತೆಯಲ್ಲೇ ಇದೆ. ಸಂಬಂಧ ಮುರಿದುಬೀಳಲಿಲ್ಲ.

ಹಾಡು ಯಾವಾಗ ಕಲ್ಲಾಗುತ್ತದೆ? 1930ರ ಮೊದಲ ವಿಶ್ವಕಪ್ ಫೈನಲ್‌ನಲ್ಲಿ ಎದುರಾದವರು ಉರುಗ್ವೆ ಮತ್ತು ಅರ್ಜೆಂಟೀನಾ. ನಡುವೆ ಸಮುದ್ರದಂಥ ಒಂದು ಹೊಳೆ, ಎರಡೂ ದಂಡೆಯಲ್ಲಿ ಒಂದೇ ಭಾಷೆ. ಅರ್ಜೆಂಟೀನಾದ ಜನ ದೋಣಿ ಹಡಗು ಹತ್ತಿ ಉರುಗ್ವೆಗೆ ಹೊರಟರು. ಮಂಜು ಕವಿದು ಎಷ್ಟೋ ಜನ ಆಟದ ಹೊತ್ತಿಗೆ ಮುಟ್ಟಲೇ ಇಲ್ಲ. ಯಾರ ಚೆಂಡಿನಲ್ಲಿ ಆಡಬೇಕು ಎಂಬುದಕ್ಕೇ ತಕರಾರು. ಮೊದಲರ್ಧ ಇವರ ಚೆಂಡು, ಎರಡನೆಯ ಅರ್ಧ ಅವರ ಚೆಂಡು ಎಂದು ತೀರ್ಮಾನ. ತಮ್ಮ ಚೆಂಡಿನಲ್ಲಿ ಅರ್ಜೆಂಟೀನಾ 2–1ರಿಂದ ಮುಂದಿತ್ತು, ತನ್ನ ಚೆಂಡು ಬಂದ ಮೇಲೆ ಉರುಗ್ವೆ 4–2ರಿಂದ ಗೆದ್ದಿತು. ಅಣ್ಣತಮ್ಮಂದಿರು ಗಡಿಗೆ ಹಂಚಿಕೊಂಡ ಹಾಗೆ! ಇಲ್ಲಿಯವರೆಗೆ ಓದಿದರೆ ನಗು ಬರುತ್ತದೆ. ಆ ಮೇಲೆ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಗುಂಪು ಉರುಗ್ವೆಯ ಕಾನ್ಸುಲೇಟ್ ಕಚೇರಿಗೆ ಕಲ್ಲು ತೂರಿತು ಎಂದು ಓದುವಾಗ ನಗು ನಿಲ್ಲುತ್ತದೆ.

ನಾನು ಅಂಥ ಒಂದು ದಿನವನ್ನು ಹತ್ತಿರದಿಂದ ಕಂಡಿದ್ದೇನೆ. 2022ರ ಡಿಸೆಂಬರ್ 6, ಮಂಗಳವಾರ. ಕರ್ನಾಟಕ–ಮಹಾರಾಷ್ಟ್ರ ಗಡಿ ತಕರಾರಿನ ಮಾತು ಮತ್ತೆ ಕಾದಿತ್ತು. ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಬಣ್ಣ ಬಳಿದರು. ಆ ಕಡೆಯ ಎಸ್.ಟಿ. ಬಸ್ಸುಗಳು ಈ ಕಡೆ ಬರುವುದು ನಿಂತಿತು. ಗಡಿಯಾಚೆಯ ಕುರುಂದವಾಡದಿಂದ ಬಂದಿದ್ದ ನನ್ನ ತಂಗಿಯ ಮಗ ಹಿಂದಿರುಗಲು ಆಗದೆ ನಮ್ಮ ಮನೆಯಲ್ಲೇ ಉಳಿದ. ಕಾಲೇಜು ಹುಡುಗ, ಫುಟ್‌ಬಾಲ್ ಎಂದರೆ ಜೀವ. ಕೊಲ್ಲಾಪುರದ ಗಾಳಿ ಬಡಿದವರಿಗೆ ಅದು ಸಹಜ. ಕುಸ್ತಿಯ ತಾಲೀಮುಗಳೇ ಅಲ್ಲಿ ಫುಟ್‌ಬಾಲ್ ತಂಡಗಳಾಗಿವೆ. ಪಾಟಾಕಡೀಲ್, ದಿಲ್‌ಬಹಾರ್, ಖಂಡೋಬಾ ಎಂದು ಪೇಠ ಪೇಠಕ್ಕೆ ಹಟ. ಶಾಹು ಸ್ಟೇಡಿಯಂನಲ್ಲಿ ಎರಡು ಗಲ್ಲಿಗಳು ಆಡಿದರೂ ಎರಡು ದೇಶಗಳು ಆಡಿದಷ್ಟು ಗದ್ದಲ. 2017ರಲ್ಲಿ ಭಾರತದ ಪರ ಹದಿನೇಳರೊಳಗಿನವರ ವಿಶ್ವಕಪ್ ಆಡಿದ ಅನಿಕೇತ್ ಜಾಧವ್ ಆ ಊರಿನ ಹುಡುಗ.

ಸಂಜೆಯೆಲ್ಲ ಅವನ ಫೋನಿನಲ್ಲಿ ಎರಡೂ ಕಡೆಯ ಗೆಳೆಯರ ಸ್ಟೇಟಸ್ಸು. ಮರಾಠಿಯಲ್ಲಿ ಬಯ್ಗುಳ, ಕನ್ನಡದಲ್ಲಿ ಬಯ್ಗುಳ. ಕೆಲವರಂತೂ ಕನ್ನಡದ ಬಯ್ಗುಳವನ್ನೇ ಮರಾಠಿ ಅಕ್ಷರದಲ್ಲಿ ಬರೆದಿದ್ದರು, ಒಂದು ಕಾಗುಣಿತವೂ ತಪ್ಪಿರಲಿಲ್ಲ. ನನಗೆ ಸಂಕಟವೂ ಆಯಿತು, ಬೆರಗೂ ಆಯಿತು. ಇಷ್ಟು ಚೆನ್ನಾಗಿ ಗೊತ್ತಿರುವವರನ್ನು ಇಷ್ಟು ಕೆಟ್ಟದಾಗಿ ಬಯ್ಯುವುದು ಹೇಗೆ ಸಾಧ್ಯ? ಅಥವಾ ಗೊತ್ತಿರುವುದರಿಂದಲೇ ಸಾಧ್ಯವೇ?

ರಾತ್ರಿ ಎಂಟೂವರೆಗೆ ವಿಶ್ವಕಪ್ಪಿನ ಮೊರಾಕ್ಕೊ–ಸ್ಪೇನ್ ಆಟ. ಅವೂ ನೆರೆಯವೇ. ನಡುವಿನ ಜಲಸಂಧಿ ಕಿರಿದಾದಲ್ಲಿ ಸುಮಾರು 14 ಕಿಲೋಮೀಟರ್. ಬಯ್ದಾಡುತ್ತಿದ್ದ ಹುಡುಗರೆಲ್ಲ ಒಮ್ಮೆಗೇ ಅತ್ತ ತಿರುಗಿದರು. ಯಾರೂ ಕಾಣದ ಮೊರಾಕ್ಕೊಗಾಗಿ ಎರಡೂ ಕಡೆಯವರು ಒಂದೇ ಕೂಗು ಕೂಗತೊಡಗಿದರು. ಎರಡು ತಾಸು ಗೋಲಿಲ್ಲ. ಪೆನಾಲ್ಟಿಯಲ್ಲಿ ಸ್ಪೇನ್‌ನ ಮೂರು ಹೊಡೆತವೂ ಒಳಗೆ ಹೋಗಲಿಲ್ಲ. ಒಂದು ಕಂಬಕ್ಕೆ ಬಡಿಯಿತು, ಎರಡನ್ನು ಗೋಲಿ ಬೂನೋ ತಡೆದ. ಮೊರಾಕ್ಕೊದ ಕೊನೆಯ ಹೊಡೆತಕ್ಕೆ ಅಶ್ರಫ್ ಹಕೀಮಿ ಬಂದ. ಬಲವಾಗಿ ಬಾರಿಸುತ್ತಾನೆಂದು ಸ್ಪೇನ್‌ನ ಗೋಲಿ ಒಂದು ಕಡೆ ಹಾರಿದ. ಹಕೀಮಿ ಚೆಂಡನ್ನು ಮೆಲ್ಲಗೆ, ತೊಟ್ಟಿಲ ಕೂಸನ್ನು ಎತ್ತಿ ಕೊಟ್ಟ ಹಾಗೆ, ನಟ್ಟನಡುವೆ ಎತ್ತಿಬಿಟ್ಟ.

ಹುಡುಗ ಕೂಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ನೋಡಿದ.

“ಮಾಮಾ, ಅಂವ ಹುಟ್ಟಿದ್ದು ಮ್ಯಾಡ್ರಿಡ್‌ನ್ಯಾಗ. ಆಡಲಿಕ್ಕೆ ಕಲ್ತದ್ದೂ ಅಲ್ಲೇ.”

“ಹೌದೇನೋ?”

“ಹೂಂ. ನಾ ಹುಟ್ಟಿದ್ದು ಇಲ್ಲೇ ಅಲ್ಲ?”

ಚೊಚ್ಚಲ ಬಾಣಂತನಕ್ಕೆ ತಂಗಿ ತವರಿಗೆ ಬಂದಿದ್ದಳು. ಇದೇ ಮನೆಯ ಒಳಕೋಣೆಯಲ್ಲಿ ಅವನ ಮೊದಲ ಅಳು. ಮೂರು ತಿಂಗಳಾದ ಮೇಲೆ ಬಟ್ಟೆಯಲ್ಲಿ ಸುತ್ತಿ ಗಡಿ ದಾಟಿಸಿದ್ದೆವು. ಅವನು ಕರೆದ ‘ಮಾಮಾ’ ಕನ್ನಡವೋ ಮರಾಠಿಯೋ ಎಂದು ನಾನು ಆ ರಾತ್ರಿಯವರೆಗೆ ಯೋಚಿಸಿರಲಿಲ್ಲ.

ಫೋನು ಬಡಿಯಿತು. ತಂಗಿ. ಬಸ್ ಚಾಲೂ ಆಗುವ ತನಕ ಅಲ್ಲೇ ಇರು, ರಸ್ತೆಗೆ ಹೋಗಬೇಡ ಎಂದಳು. ಉಂಡೆಯಾ ಎಂದು ಕೇಳಿದಳು.

“ಉಂಡೇನಿ. ಅವ್ವಾ, ನಮ್ಮವ್ರು ಗೆದ್ರು!”

“ನಮ್ಮವ್ರು ಅಂದ್ರ ಯಾರೋ?”

ಹುಡುಗ ಉತ್ತರ ಕೊಡದೆ ನಗುತ್ತಿದ್ದ. ತೆರೆಯ ಮೇಲೆ ಹಕೀಮಿಯ ಚೆಂಡು ಮತ್ತೊಮ್ಮೆ ಮೆಲ್ಲಗೆ ಏಳುತ್ತಿತ್ತು.